ಕೂನೂರಿನ ಉಪಾಸಿ ಸಮಾವೇಶದಲ್ಲಿ ಹಳೆಯ ಒಡನಾಡಿಗಳು

ದಕ್ಷಿಣ ಭಾರತದ ತೋಟಬೆಳೆಗಾರರ ಒಕ್ಕೂಟವಾದ ಉಪಾಸಿ ಹುಟ್ಟಿದ್ದು 1893ರಲ್ಲಿ. ಅದರ ವಾರ್ಷಿಕ ಸಮಾವೇಶವು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಕೇಂದ್ರ ಕಚೇರಿಯಿರುವ ನೀಲಗಿರಿಯ ಕೂನೂರಿನಲ್ಲಿ ನಡೆಯುತ್ತದೆ. ಮುಂಗಾರಿನ ಬಿರುಸು ತಗ್ಗಿ, ಅರೇಬಿಕಾ ಕಾಫಿಯ ಹಣ್ಣು ಕೊಯ್ಲಿಗೆ ಬರಲು ಇನ್ನೂ ಸಮಯವಿರುವ ದಿನಗಳವು. ಮಲೆನಾಡಿನ ಕಾಫಿ ಬೆಳೆಗಾರನಿಗೆ ತೋಟ ಬಿಟ್ಟು ಹೊರಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗುವುದಿಲ್ಲ. ಸಮಾವೇಶದ ಭಾಷಣಗಳು ಮುಂದೆ ಅಚ್ಚಾಗಿ ಕೈಗೆ ಬರುತ್ತವೆ, ಅವನ್ನು ಮನೆಯಲ್ಲಿ ಕುಳಿತೇ ಓದಬಹುದು. ನಾನು ಅಷ್ಟು ದೂರ ಹೋಗುವುದು ವರ್ಷಕ್ಕೊಮ್ಮೆ ಅಲ್ಲಿ ಮಾತ್ರ ಸಿಗುವ ಮನುಷ್ಯರಿಗಾಗಿ.

ಈ ಸಲ ಪಕ್ಕದ ತೋಟದ ಹಿರಿಯರೊಬ್ಬರು ಜೊತೆಗಿದ್ದರು. ಮೂಡಿಗೆರೆಯಿಂದ ನಸುಕಿನಲ್ಲೇ ಹೊರಟು, ಹಾಸನ, ಮೈಸೂರು, ನಂಜನಗೂಡು ದಾಟಿ ಗುಂಡ್ಲುಪೇಟೆಯಲ್ಲಿ ತಿಂಡಿ ತಿಂದೆವು. 2024ರ ಮೇ ತಿಂಗಳಿನಿಂದ ನೀಲಗಿರಿಗೆ ಹೋಗುವ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕಾಗಿರುವುದರಿಂದ ಅದನ್ನು ಮೊದಲೇ ಮಾಡಿಸಿಟ್ಟುಕೊಂಡಿದ್ದೆವು. ಬಂಡೀಪುರದ ಕಾಡು ಮಳೆಗೆ ತೊಳೆದು ಹಸಿರಾಗಿತ್ತು. ಗೂಡಲೂರು ಹತ್ತಿರವಾದಂತೆ ರಸ್ತೆಯ ಇಕ್ಕೆಲಗಳಲ್ಲಿ ಕಾಫಿಯೂ ಚಹಾವೂ ಒಟ್ಟಿಗೆ ಕಾಣಿಸತೊಡಗಿದವು. ನಮ್ಮ ದೇಶದಲ್ಲಿ ಕಾಫಿಯ ಕಾಯಿಕೊರಕ ಹುಳು ಮೊದಲು ಕಾಣಿಸಿಕೊಂಡದ್ದು 1990ರಲ್ಲಿ, ಇದೇ ಗೂಡಲೂರಿನ ಸುತ್ತಮುತ್ತ. ಆ ಸುದ್ದಿ ಊರಿಗೆ ತಲುಪಿದ ದಿನ ಹಿರಿಯರು ತೋಟದ ಲೆಕ್ಕ ಬರೆಯುವ ರೈಟರನ್ನೂ ಮೇಸ್ತ್ರಿಯನ್ನೂ ಕರೆದುಕೊಂಡು ಗಿಡಗಿಡದ ಕಾಯಿ ತಿರುಗಿಸಿ, ತುದಿಯಲ್ಲಿ ಸೂಜಿಮೊನೆಯಷ್ಟು ತೂತಿದೆಯೇ ಎಂದು ಹುಡುಕಿದ್ದರಂತೆ. ನಡುವಟ್ಟಂ ದಾಟುವವರೆಗೂ ಮಾತು ಅದರ ಸುತ್ತಲೇ ಇತ್ತು. ಊಟಿಯಲ್ಲಿ ನಿಲ್ಲದೆ ನೇರವಾಗಿ ಕೂನೂರಿಗೆ ಇಳಿದೆವು.

ಮರುದಿನ ಉದ್ಘಾಟನೆ ಮುಗಿದು ಚಹಾದ ಬಿಡುವಾದಾಗ, ಹೊರಗಿನ ಮಳಿಗೆಗಳ ಬಳಿ ನಾನು ಹುಡುಕುತ್ತಿದ್ದ ರಾಯರು ಸಿಕ್ಕರು. ಒಣ ಕಾಫಿಯ ಸಿಪ್ಪೆ ತೆಗೆದು ಬೀಜವನ್ನು ದರ್ಜೆವಾರು ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಇಡೀ ಆಯುಷ್ಯ ಸವೆಸಿ ನಿವೃತ್ತರಾದವರು ಅವರು. ಕುಶಲ ವಿಚಾರಿಸುವುದಕ್ಕೂ ಮುನ್ನ ಅವರ ಬಾಯಿಂದ ಬಂದ ಪ್ರಶ್ನೆ, "ಏನ್ ಗೌಡ್ರೇ, ಮಾಲು ಇಟ್ಟಿದ್ದೀರೋ, ಕೊಟ್ಟಿರೋ?" ಅರ್ಧ ಕೊಟ್ಟೆ, ಅರ್ಧ ಇಟ್ಟೆ ಎಂದೆ. "ಒಳ್ಳೇದು, ನಿದ್ದೆ ಚೆನ್ನಾಗಿ ಬರುತ್ತೆ" ಎಂದು ಬೆನ್ನು ತಟ್ಟಿದರು.

ರಾಯರ ಪರಿಚಯ ಪೂಲ್ ಕಾಲದ್ದು. 1942ರ ಕಾಯಿದೆ ಬಂದ ಮೇಲೆ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೇ, ಎಂದರೆ ಎಲ್ಲರ ಮಾಲೂ ಒಟ್ಟಾಗುವ ದಾಸ್ತಾನಿಗೇ, ಒಪ್ಪಿಸಬೇಕಾಗಿತ್ತು. ಹಣ ಕಂತುಕಂತಾಗಿ, ಬಹಳ ತಡವಾಗಿ ಕೈಸೇರುತ್ತಿತ್ತು. ತೊಂಬತ್ತರ ದಶಕದಲ್ಲಿ ಹಂತಹಂತವಾಗಿ ಸಡಿಲಗೊಂಡು, 1996ರಲ್ಲಿ ಎಲ್ಲ ಬೆಳೆಗಾರರಿಗೂ ಪೂರ್ತಿ ಮುಕ್ತ ಮಾರಾಟ ದಕ್ಕಿತು. ಅಲ್ಲಿಯವರೆಗೆ ವರ್ಷದ ದುಡಿಮೆಯ ಬೆಲೆ ನಿಂತಿದ್ದುದು ಕ್ಯೂರಿಂಗ್‌ನವರು ಬರೆಯುವ ಔಟ್‌ಟರ್ನ್ ಮತ್ತು ದರ್ಜೆಯ ಮೇಲೆ. ಐವತ್ತು ಕಿಲೋ ಚೆರ್ರಿಯಿಂದ, ಎಂದರೆ ಒಣಗಿಸಿದ ಹಣ್ಣಿನಿಂದ, ಎಷ್ಟು ಕಿಲೋ ಬೀಜ ಬಂತೆಂಬುದೇ ಔಟ್‌ಟರ್ನ್; ಅದರಲ್ಲಿ ಒಂದು ಅಂಕಿ ಹೆಚ್ಚುಕಡಿಮೆಯಾದರೂ ಸಣ್ಣ ಬೆಳೆಗಾರನ ಲೆಕ್ಕವೇ ತಲೆಕೆಳಗಾಗುತ್ತಿತ್ತು. ರಾಯರು ಆ ತೂಕವನ್ನು ನಮ್ಮ ಕಣ್ಣೆದುರೇ ಮಾಡಿಸುತ್ತಿದ್ದರು. ಅನುಮಾನ ಪಟ್ಟವನಿಗೆ ಇನ್ನೊಮ್ಮೆ ಮಾಡಿಸಿ ತೋರಿಸುತ್ತಿದ್ದರು. ಅಂದು ಮೂಡಿದ ನಂಬಿಕೆ ಪೂಲ್ ಮುಗಿದ ಮೇಲೂ ಉಳಿದಿದೆ.

ಮಳಿಗೆಯೊಂದರ ಮೇಜಿನ ಮೇಲೆ ರೊಬಸ್ಟಾ ಕಾಫಿ ಬೀಜದ ಮಾದರಿಗಳಿದ್ದವು. ರಾಯರು ಒಂದು ಚಿಟಿಕೆ ಬೀಜವನ್ನು ಅಂಗೈಗೆ ಹಾಕಿಕೊಂಡು ಉಜ್ಜಿ, ಬಿಸಿಯುಸಿರು ಬಿಟ್ಟು ಮೂಗಿಗೆ ಹಿಡಿದರು. ಬಳಿಕ ಒಂದನ್ನು ಹಲ್ಲಿನ ನಡುವೆ ಇಟ್ಟು ಮೆಲ್ಲನೆ ಒತ್ತಿದರು. "ಕಣದಲ್ಲಿರುವಾಗ ಮಳೆ ತಾಗಿದೆ, ಆಮೇಲೆ ಚೆನ್ನಾಗಿ ಒಣಗಿಸಿದ್ದಾರೆ" ಎಂದರು. ಮಳಿಗೆಯ ಹುಡುಗ ತೋಟಕ್ಕೆ ಫೋನ್ ಮಾಡಿ ಕೇಳಿದ; ಉತ್ತರ ಅದೇ ಬಂತು. ಅವನ ಮುಖದಲ್ಲಿ ಮೂಡಿದ ಗೌರವ ಕಂಡು ನನಗೆ ತುಂಬ ಸಂತೋಷವಾಯಿತು. ಯಾವ ಕೈಪಿಡಿಯಲ್ಲೂ ಸಿಗದ ಈ ವಿದ್ಯೆ ಕಲಿಯುವವರಿಲ್ಲದೆ ಹೋದೀತೆಂಬ ಕಳವಳ ನನಗೆ ಬಹಳ ಕಾಲದಿಂದ ಇದೆ.

ಊಟದ ಹೊತ್ತಿಗೆ ಸಕಲೇಶಪುರದ ಕಡೆ ಖರೀದಿ ಮಾಡುವ ಹಳೆಯ ವ್ಯಾಪಾರಿಯೊಬ್ಬರು ನಮ್ಮನ್ನು ಕೂಡಿಕೊಂಡರು. ವಿಯೆಟ್ನಾಂನಲ್ಲಿ ಬರ ಬಿದ್ದು ಫಸಲು ಕಡಿಮೆಯಾದ ಕಾರಣದಿಂದ 2024ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿತ್ತು. ಬೆಲೆ ಕುಸಿದಾಗ ಎಲ್ಲರೂ ಒಟ್ಟಿಗೆ ಕೊರಗುತ್ತೇವೆ. ಸಂಬಂಧಗಳು ಹರಿಯುವುದು ಬೆಲೆ ಏರಿದಾಗ. ಹಳೆಯ ದರಕ್ಕೆ ಮಾತು ಕೊಟ್ಟಿದ್ದ ಕೆಲವರು ಆ ವರ್ಷ ಈ ವ್ಯಾಪಾರಿಯ ಫೋನ್ ಎತ್ತದೇ ಹೋದರಂತೆ. ಆದರೆ ಮೂರೆಕರೆ ತೋಟದ ಹೆಣ್ಣುಮಗಳೊಬ್ಬರು, ಯಾವ ಕಾಗದಪತ್ರವೂ ಇಲ್ಲದಿದ್ದರೂ, ಆಡಿದ ದರಕ್ಕೇ ಮೂಟೆಗಳನ್ನು ಕಳುಹಿಸಿದರಂತೆ. ವ್ಯಾಪಾರಿ ಏರಿದ ದರದ ಅರ್ಧ ಲಾಭವನ್ನು ಅವರ ಮನೆಗೇ ಹೋಗಿ ಕೊಟ್ಟುಬಂದಿದ್ದರು. ಇದನ್ನು ಹೇಳುವಾಗ ಅವರ ದನಿ ತುಂಬಿಬಂದಿತ್ತು. ನಮ್ಮ ಉದ್ಯಮ ನಿಂತಿರುವುದು ಇಂಥವರ ಮೇಲೆ ಎಂದು ನಾನು ಮನಸಾರೆ ನಂಬುತ್ತೇನೆ.

ಸಂಜೆ ಚಹಾ ಬೆಳೆಯುವ, ನೀಲಗಿರಿಯ ಬಡಗ ಸಮುದಾಯದ ಗೆಳೆಯರೊಬ್ಬರು ತಮ್ಮ ಮನೆಗೆ ಕರೆದೊಯ್ದರು. ಅವರ ತಾಯಿ ಮನೆಯಲ್ಲಿ ಆಡುವ ಬಡಗ ಮಾತು ನಮ್ಮ ಕಿವಿಗೆ ಸಲೀಸಾಗಿ ಸೇರುತ್ತದೆ. ನಾವು ಕನ್ನಡದಲ್ಲೇ ಉತ್ತರಿಸುತ್ತಿದ್ದೆವು. 1963ರಿಂದ ಕೂನೂರಿನಲ್ಲೇ ಚಹಾ ಹರಾಜು ಕೇಂದ್ರವಿದ್ದರೂ, ಹಸಿರೆಲೆ ಮಾರುವ ಸಣ್ಣ ಬೆಳೆಗಾರನ ಪಾಡು ಸುಧಾರಿಸಿಲ್ಲವೆಂಬುದು ಅವರ ನೋವು. ನಮಗೆ ಫಸಲು ವರ್ಷಕ್ಕೊಮ್ಮೆ, ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಮುಗಿಯಿತು. ಅವರಿಗೆ ವರ್ಷವಿಡೀ ಚಿಗುರು ಕೀಳುವ ಕೆಲಸ, ಕೂಲಿ ಕೊಡದ ವಾರವೇ ಇಲ್ಲ. ಕಾಫಿಗೆ ಬೆಲೆ ಬಂದ ವರ್ಷ ಚಹಾದವರ ಮುಂದೆ ಕುಳಿತು ಮಾತಾಡಲು ನನಗೆ ಸಂಕೋಚವೆನಿಸಿತು. ಅವರು ಮಾತ್ರ ಮನಃಪೂರ್ವಕವಾಗಿ ನಮ್ಮ ಸಂತೋಷದಲ್ಲಿ ಪಾಲ್ಗೊಂಡರು, ಎರಡನೆಯ ಸಲ ಬಡಿಸಿಕೊಳ್ಳದೆ ಬಿಡಲಿಲ್ಲ.

ಮರಳುವ ದಿನ ಬೆಳಿಗ್ಗೆ ರಾಯರು ನಮ್ಮ ಜೊತೆ ಮೈಸೂರಿನವರೆಗೆ ಬಂದರು. ಡಿಸೆಂಬರಿನಲ್ಲಿ ನಮ್ಮ ಅರೇಬಿಕಾ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪಿಂಗ್ ಶುರುವಾದಾಗ ತೋಟಕ್ಕೆ ಬಂದು ನಾಲ್ಕು ದಿನವಿದ್ದು, ನನ್ನ ಮಗಳಿಗೂ ರೈಟರನ ಮಗನಿಗೂ ಬೀಜ ಪರೀಕ್ಷಿಸುವುದನ್ನು ಕಲಿಸಬೇಕೆಂದು ಕೇಳಿದೆ. ಮೆಟ್ಟಿಲು ಹತ್ತುವುದು ಕಷ್ಟ, ಕೆಳಗಿನ ಕೋಣೆ ಕೊಟ್ಟರೆ ಬರುತ್ತೇನೆ ಎಂದರು. ಊರು ತಲುಪಿದ ಮರುದಿನವೇ ಕಣದ ಪಕ್ಕದ ಕೋಣೆಗೆ ಸುಣ್ಣ ಹೊಡೆಸಲು ಆಳು ಕಳುಹಿಸಿದೆ.