1964ರ ಪೆಟ್ಟಿಗೆ: 366 ಕಾರ್ಡಿನಲ್ಲಿ 211 ಆಯಿತು

1964ರ ಒಂದೊಂದು ದಿನಕ್ಕೂ ಒಂದೊಂದು ಕಾರ್ಡ್ ಬರೆಯುತ್ತಿದ್ದೇನೆ, ಈ ಭಾನುವಾರಕ್ಕೆ 211 ತುಂಬಿದವು. ಇನ್ನು 155 ಬಾಕಿ. 1964ರಲ್ಲಿ ಫೆಬ್ರವರಿಗೆ 29 ದಿನ. ಆ 29ರ ಕಾರ್ಡಿನಲ್ಲಿ "ಶನಿವಾರ" ಅಂತ ಮಾತ್ರ ಬರೆದಿದ್ದೇನೆ, ಕೆಳಗೆ ಹಾಕೋಕೆ ಇನ್ನೂ ಏನೂ ಸಿಕ್ಕಿಲ್ಲ.

ಇದು ಶುರುವಾದದ್ದು ಅಮ್ಮನಿಂದ. ಅಮ್ಮ ಹುಟ್ಟಿದ ದಿನ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಕೊಂಡರು, ಅದೇ ಉಳಿಯಿತು. ಅಜ್ಜಿ ಹೇಳುತ್ತಿದ್ದದ್ದು ಒಂದೇ ಮಾತು: "ನೆಹರೂ ಸತ್ತಾಗ ನೀನು ಹೊಟ್ಟೆಯೊಳಗೆ ಏಳು ತಿಂಗಳ ಕೂಸು." ಆ ಮಾತು ಹಿಡಿದುಕೊಂಡು ಭಾರತದ 1964ನ್ನು ದಿನಕ್ಕೊಂದು ಕಾರ್ಡಿನ ಹಾಗೆ ಬರೆಯುತ್ತಿದ್ದೇನೆ. ಘಟನೆಗೆ ನೀಲಿ ಶಾಯಿ, ಸಾವಿಗೆ ಕೆಂಪು. ಒಂದು ಕಾರ್ಡಿಗೆ ಆರು ಸಾಲು. ಎಲ್ಲವೂ ಚಪ್ಪಲಿ ಬಾಕ್ಸಿನಲ್ಲಿ ತಿಂಗಳವಾರು ನಿಂತಿವೆ.

ಜನವರಿ ಬೇಗ ತುಂಬಿತು, ಕ್ರಿಕೆಟ್ ಇತ್ತಲ್ಲ. 12ರಂದು ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಬಾಪು ನಾಡಕರ್ಣಿ ಸತತ 21 ಮೇಡನ್ ಓವರ್, ಅಂದರೆ ಒಂದೂ ರನ್ ಕೊಡದ ಓವರ್ ಹಾಕಿದರು. ಒಟ್ಟು 32 ಓವರ್, 27 ಮೇಡನ್, ಕೊಟ್ಟ ರನ್ 5. ಅದೇ ಟೆಸ್ಟ್‌ನಲ್ಲಿ 192 ಹೊಡೆದವರು ನಮ್ಮ ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್. 21ರಂದು ಬಾಂಬೆಯಲ್ಲಿ ಮೈಸೂರಿನ ಚಂದ್ರಶೇಖರ್ ಮೊದಲ ಟೆಸ್ಟ್ ಆಡಿದರು, ಪೋಲಿಯೋದಿಂದ ಸೊರಗಿದ ಬಲಗೈಯಲ್ಲೇ ಬೌಲಿಂಗ್. ಈ ಕಾರ್ಡ್ ಬರೆಯುವಾಗ ಬಹಳ ಖುಷಿಯಾಯಿತು.

ಫೆಬ್ರವರಿ ಪೂರ್ತಿ ಕೆಂಪು. 6ಕ್ಕೆ ದೇಶದ ಮೊದಲ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್. 22ಕ್ಕೆ ವೆರಿಯರ್ ಎಲ್ವಿನ್, ಇಂಗ್ಲೆಂಡಿನಲ್ಲಿ ಹುಟ್ಟಿ ಇಲ್ಲಿಯ ಪೌರರಾಗಿ ಬುಡಕಟ್ಟು ಜನರ ನಡುವೆ ಬದುಕಿದವರು. 25ಕ್ಕೆ ಆಲೂರು ವೆಂಕಟರಾಯರು. ಅವರ ಕಾರ್ಡನ್ನು ತುಂಬಾ ಹೊತ್ತು ಕೈಯಲ್ಲೇ ಹಿಡಿದುಕೊಂಡು ಕೂತಿದ್ದೆ. ಕನ್ನಡ ನಾಡು ಒಂದಾಗಬೇಕು ಅಂತ ಜೀವ ತೇಯ್ದವರು. 1956ರ ನವೆಂಬರ್ 1ಕ್ಕೆ ಅದು ಒಂದಾಗಿದ್ದನ್ನು ಕಣ್ಣಾರೆ ಕಂಡರು. ಆದರೆ ಅವರು ಹೋದಾಗ ರಾಜ್ಯದ ಹೆಸರು ಇನ್ನೂ ಮೈಸೂರು. ಕರ್ನಾಟಕ ಅಂತ ಆಗಿದ್ದು 1973ರಲ್ಲಿ, ಇನ್ನೂ ಒಂಬತ್ತು ವರ್ಷ ಕಳೆದ ಮೇಲೆ. ಆರು ಸಾಲಿನಲ್ಲಿ ಕೊನೆಯ ಸಾಲು ಇದಕ್ಕೇ ಕೊಟ್ಟೆ.

ಮೇ 27, ಬುಧವಾರ. ಅಜ್ಜಿಯ ಮಾತಿನ ದಿನ. ಮಧ್ಯಾಹ್ನ ನೆಹರೂ ತೀರಿಕೊಂಡರು, 74 ವರ್ಷ. ಅವತ್ತೇ ಗುಲ್ಜಾರಿಲಾಲ್ ನಂದಾ ಹಂಗಾಮಿ ಪ್ರಧಾನಿಯಾದರು. ಏಪ್ರಿಲ್‌ನಲ್ಲಷ್ಟೇ ಜೈಲಿನಿಂದ ಬಿಡುಗಡೆಯಾದ ಕಾಶ್ಮೀರದ ನಾಯಕ ಶೇಖ್ ಅಬ್ದುಲ್ಲಾ ಮಾತುಕತೆಗೆ ಪಾಕಿಸ್ತಾನಕ್ಕೆ ಹೋಗಿದ್ದರು, ಸುದ್ದಿ ತಲುಪಿದ್ದು ಅಲ್ಲಿಗೆ. 28ರ ಕಾರ್ಡಿಗೆ ಯಮುನೆಯ ದಡದ ಅಂತ್ಯಕ್ರಿಯೆ ಬರೆದು ಆರೂ ಸಾಲು ತುಂಬಿಸಿ ಇಟ್ಟುಬಿಟ್ಟಿದ್ದೆ. ಒಂದು ವಾರ ಕಳೆದ ಮೇಲೆ ಗೊತ್ತಾಯಿತು, ಅವತ್ತೇ 'ಮದರ್ ಇಂಡಿಯಾ' ನಿರ್ದೇಶಕ ಮೆಹಬೂಬ್ ಖಾನ್ ಕೂಡ ತೀರಿಕೊಂಡಿದ್ದರು. ಜಾಗವೇ ಇರಲಿಲ್ಲ. ಕಾರ್ಡ್ ತಿರುಗಿಸಿ ಹಿಂದೆ ಬರೆದೆ. ಅವತ್ತಿನಿಂದ ಪ್ರತಿ ಕಾರ್ಡಿನ ಹಿಂಬದಿಯನ್ನೂ ಖಾಲಿ ಬಿಡುತ್ತಿದ್ದೇನೆ. ದೊಡ್ಡ ಸಾವಿನ ಪಕ್ಕದಲ್ಲಿ ಇನ್ಯಾರೋ ಇದ್ದೇ ಇರುತ್ತಾರೆ.

ಜೂನ್ 9ಕ್ಕೆ ಶಾಸ್ತ್ರೀಜಿ ಪ್ರಧಾನಿ. ಜುಲೈನಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಶುರು. ಆಗಸ್ಟ್ ಅರ್ಧ ಖಾಲಿ, ಸೆಪ್ಟೆಂಬರ್‌ಗೆ ಇನ್ನೂ ಕೈ ಹಾಕಿಲ್ಲ, ಅಕ್ಟೋಬರ್‌ಗೆ ಹಾರಿದೆ.

ಅಕ್ಟೋಬರ್ 10: ಹಿಂದಿ ಚಿತ್ರ ನಿರ್ದೇಶಕ ಗುರುದತ್, ಬರೀ 39 ವರ್ಷ. ಹುಟ್ಟಿದ್ದು ಬೆಂಗಳೂರಿನಲ್ಲಿ, ಪಡುಕೋಣೆ ಮನೆತನ. 23: ಟೋಕಿಯೋ ಒಲಿಂಪಿಕ್ಸ್ ಹಾಕಿ ಫೈನಲ್‌ನಲ್ಲಿ ಮೊಹಿಂದರ್ ಲಾಲ್ ಹೊಡೆದ ಒಂದೇ ಗೋಲಿನಿಂದ ಪಾಕಿಸ್ತಾನದ ಮೇಲೆ ಗೆಲುವು. ನಾಲ್ಕು ವರ್ಷದ ಹಿಂದೆ ರೋಮ್‌ನಲ್ಲಿ ಅವರೇ ನಮ್ಮನ್ನು 1-0 ಸೋಲಿಸಿದ್ದರು.

30ರ ಕಾರ್ಡ್ ಬರೆಯುವಾಗ ಕೈ ನಿಧಾನವಾಯಿತು. ಅಂದು ಶಾಸ್ತ್ರಿ ಮತ್ತು ಸಿಲೋನಿನ (ಈಗಿನ ಶ್ರೀಲಂಕಾ) ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಸಹಿ ಹಾಕಿದ ಒಪ್ಪಂದ. ಸಿಲೋನಿನ ಟೀ ತೋಟಗಳಲ್ಲಿ ದುಡಿಯುತ್ತಿದ್ದ, ಯಾವ ದೇಶಕ್ಕೂ ಸೇರದ ತಮಿಳು ಕುಟುಂಬಗಳ 9,75,000 ಜನರನ್ನು ಎರಡು ದೇಶ ಹಂಚಿಕೊಂಡವು. ಭಾರತಕ್ಕೆ 5,25,000, ಸಿಲೋನಿಗೆ 3,00,000. ಉಳಿದ 1,50,000 ಜನರ ವಿಷಯ ಆಮೇಲೆ ನೋಡೋಣ ಅಂತ ಬಿಟ್ಟರು. ಇದು ಸಾವಲ್ಲ, ನೀಲಿ ಶಾಯಿಯಲ್ಲೇ ಬರೆದೆ. ಬರೆದ ಮೇಲೂ ಮನಸ್ಸಿಗೆ ಸಮಾಧಾನವಾಗಲಿಲ್ಲ.

ಸಿಲೋನಿಗೆ ಹಡಗು ಹೋಗುತ್ತಿದ್ದದ್ದು ರಾಮೇಶ್ವರ ದ್ವೀಪದ ತುದಿಯ ಧನುಷ್ಕೋಡಿಯಿಂದ. ಮದ್ರಾಸಿನಿಂದ ಬೋಟ್ ಮೇಲ್ ರೈಲು ಅಲ್ಲಿಗೆ ಬರುತ್ತಿತ್ತು, ಇಳಿದವರು ಹಡಗು ಹತ್ತಿ ತಲೈಮನ್ನಾರ್ ಸೇರುತ್ತಿದ್ದರು. ಒಪ್ಪಂದವಾಗಿ ಎರಡು ತಿಂಗಳೂ ತುಂಬಿರಲಿಲ್ಲ, ಆ ಊರೇ ಇಲ್ಲವಾಯಿತು.

ಈ ವಾರವೆಲ್ಲ ಹೋಗಿದ್ದು ಅದಕ್ಕೇ. ಡಿಸೆಂಬರ್ 22, ಮಂಗಳವಾರ ರಾತ್ರಿ 11:55ಕ್ಕೆ ಅದೇ ದ್ವೀಪದ ಪಾಂಬನ್ ಬಿಟ್ಟ ಪ್ಯಾಸೆಂಜರ್ ರೈಲು ಧನುಷ್ಕೋಡಿ ಸ್ಟೇಷನ್ ಹತ್ತಿರ ಬಂದಿತ್ತು. ಬಿರುಗಾಳಿಯಲ್ಲಿ ಸಿಗ್ನಲ್ ಕೆಟ್ಟಿತ್ತು. ಮುಂದೆ ಹೊರಟ ರೈಲನ್ನು ಒಂದು ಅಲೆ ನುಂಗಿತು. ಒಳಗಿದ್ದ ನೂರಕ್ಕೂ ಹೆಚ್ಚು ಜನರಲ್ಲಿ ಯಾರೂ ಉಳಿಯಲಿಲ್ಲ. ದ್ವೀಪವನ್ನು ಆಚೆ ದಡಕ್ಕೆ ಜೋಡಿಸಿದ್ದ ಪಾಂಬನ್ ಸೇತುವೆಯನ್ನು ರೈಲ್ವೆ ಎಂಜಿನಿಯರ್ ಇ. ಶ್ರೀಧರನ್ ತಂಡ 46 ದಿನದಲ್ಲಿ ರಿಪೇರಿ ಮಾಡಿತು. ಊರನ್ನು ಮಾತ್ರ ಮತ್ತೆ ಯಾರೂ ಕಟ್ಟಲಿಲ್ಲ.

ಯಾವ ದಿನದ ಕಾರ್ಡಿಗೆ ಹಾಕಲಿ ಅಂತ ಮೂರು ಸಲ ಬರೆದು ಹರಿದೆ. ರೈಲು ಹೊರಟದ್ದು 22ಕ್ಕೆ, ಅಲೆ ಬಂದದ್ದು ನಡುರಾತ್ರಿ ದಾಟಿದ ಮೇಲೆ. ಕೊನೆಗೆ 22ರ ಕಾರ್ಡಿನಲ್ಲಿ ನೀಲಿಯಲ್ಲಿ ಒಂದೇ ಸಾಲು ಬರೆದೆ: ರಾತ್ರಿ 11:55, ಪಾಂಬನ್‌ನಿಂದ ರೈಲು ಹೊರಟಿತು. 23ರದ್ದು ಕೆಂಪು. ಬೇರೆ ಕೆಂಪು ಕಾರ್ಡುಗಳ ಮೊದಲ ಸಾಲಿನಲ್ಲಿ ಹೆಸರಿದೆ. ಇದರಲ್ಲಿ ಆ ಸಾಲನ್ನು ಹಾಗೇ ಬಿಟ್ಟು ಎರಡನೆಯದರಿಂದ ಬರೆದೆ.

ಅಮ್ಮ ಅದನ್ನು ಕೈಗೆ ತೆಗೆದುಕೊಂಡು ಓದಿದರು. "ಆಗ ನಾನು ಐದು ತಿಂಗಳ ಮಗು ಅಲ್ವಾ?" ಅಂದರು. ಜುಲೈ 20ರಿಂದ ಆಗಸ್ಟ್ 10ರವರೆಗಿನ ಕಾರ್ಡುಗಳ ಮೂಲೆಯಲ್ಲಿ ಪೆನ್ಸಿಲಿನಿಂದ "ಅಮ್ಮ?" ಅಂತ ಬರೆದಿಟ್ಟಿದ್ದೇನೆ. ಮುಂದಿನ ವಾರ ಸೆಪ್ಟೆಂಬರ್, ಮೊದಲು 11ರದ್ದು: ಹಿಂದಿ ಕವಿ ಮುಕ್ತಿಬೋಧ್.