ಮುತ್ತಾತನ ಹುಟ್ಟು-ಸಾವಿನ ದಾಖಲೆ ಎಲ್ಲಿ ಸಿಗುತ್ತದೆ?

ನಮ್ಮ ಮನೆತನದ ವಿವರಗಳನ್ನು ನಾನು ಹಲವು ವರ್ಷಗಳಿಂದ ಕಲೆಹಾಕುತ್ತಿರುವುದು ಗೊತ್ತಿರುವವರು, ಮೈಸೂರಿನ ಬೀದಿಯಲ್ಲಿ ಸಿಕ್ಕಾಗಲೂ ಮಂಡ್ಯದ ಕಡೆಯ ಮದುವೆಮನೆಗಳಲ್ಲಿ ಊಟಕ್ಕೆ ಪಕ್ಕದಲ್ಲಿ ಕೂತಾಗಲೂ ಕೇಳುವ ಪ್ರಶ್ನೆ ಒಂದೇ: “ನಮ್ಮ ಮುತ್ತಾತನ ಹುಟ್ಟು-ಸಾವಿನ ದಾಖಲೆ ಬೇಕಾಗಿದೆ, ಯಾವ ಕಚೇರಿಗೆ ಹೋಗಬೇಕು?” ಕಚೇರಿಯ ಹೆಸರಷ್ಟನ್ನೇ ಹೇಳಿ ಕಳಿಸಿದರೆ ಅವರು ಬರಿಗೈಯಲ್ಲಿ ಹಿಂತಿರುಗುವುದನ್ನು ನೋಡಿದ್ದೇನೆ. ಆದ್ದರಿಂದ ನಾನೇ ಅವರಿಗೆ ಎರಡು ಪ್ರಶ್ನೆ ಹಾಕುತ್ತೇನೆ. ಆ ಹುಟ್ಟು ಅಥವಾ ಸಾವು ಆದದ್ದು ಯಾವ ಊರಿನಲ್ಲಿ? ಆ ಕಾಲಕ್ಕೆ ಆ ಊರು ಯಾವ ತಾಲ್ಲೂಕಿಗೆ ಸೇರಿತ್ತು?

ಜನನ-ಮರಣ ನೋಂದಣಿ ಪುಸ್ತಕವು ಮನೆತನವನ್ನು ಅನುಸರಿಸಿ ಬರೆದದ್ದಲ್ಲ, ಘಟನೆ ನಡೆದ ಜಾಗವನ್ನು ಅನುಸರಿಸಿ ಬರೆದದ್ದು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ಪದ್ಧತಿ. ಹೀಗಾಗಿ ಮದ್ದೂರಿನ ಕಡೆಯ ಮನೆತನದ ಹಿರಿಮಗನ ಜನನ ನಾಗಮಂಗಲದ ಯಾವುದೋ ಹಳ್ಳಿಯ ಪುಸ್ತಕದಲ್ಲಿರುತ್ತದೆ. ತಮ್ಮಂದಿರದ್ದು ಮಾತ್ರ ತಂದೆಯ ಊರಿನಲ್ಲಿ ಸಿಗುತ್ತದೆ. ತಂದೆಯ ಊರಿನಲ್ಲಿ ಹುಡುಕಿ ಸಿಗದೆ, “ನಮ್ಮವರು ಬರೆಸಿಯೇ ಇಲ್ಲ” ಎಂದು ಕೈಬಿಟ್ಟವರು ಎಷ್ಟೋ ಜನ. ಅವರು ಅಜ್ಜಿಯ ತವರು ಯಾವುದೆಂದು ಕೇಳಿರುವುದೇ ಇಲ್ಲ. ಸಾವಿನ ವಿಷಯವೂ ಹಾಗೆಯೇ. ಮೈಸೂರಿನ ಜನ ದೊಡ್ಡಾಸ್ಪತ್ರೆ ಎಂದು ಕರೆಯುವ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿಯೋ ಕ್ಷಯರೋಗಿಗಳನ್ನು ಸೇರಿಸುತ್ತಿದ್ದ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಆಸ್ಪತ್ರೆಯಲ್ಲಿಯೋ ತೀರಿಕೊಂಡ ಹಳ್ಳಿಗರ ಮರಣ ಮೈಸೂರು ನಗರದ ಪುಸ್ತಕದಲ್ಲಿರುತ್ತದೆಯೇ ಹೊರತು ಅವರ ಊರಿನದರಲ್ಲಿ ಅಲ್ಲ.

ಎರಡನೆಯ ಪ್ರಶ್ನೆಗೆ ಕಾರಣವಿದೆ. ಮಂಡ್ಯ ಜಿಲ್ಲೆ ಮೈಸೂರು ಜಿಲ್ಲೆಯಿಂದ ಬೇರೆಯಾದದ್ದು 1939ರಲ್ಲಿ. ಅದಕ್ಕೂ ಹಿಂದಿನ ಮಂಡ್ಯ, ಮಳವಳ್ಳಿ, ಶ್ರೀರಂಗಪಟ್ಟಣದ ಕಾಗದಗಳೆಲ್ಲ ಮೈಸೂರು ಜಿಲ್ಲೆಯ ಹೆಸರಿನಲ್ಲೇ ಇವೆ. ಚಾಮರಾಜನಗರವಂತೂ ಜಿಲ್ಲೆಯಾದದ್ದು 1997ರಲ್ಲಿ. ಊರುಗಳ ಹೆಸರೂ ಬದಲಾಗಿವೆ: ಪಾಂಡವಪುರವನ್ನು ಹಿರೋಡೆ ಎಂದೂ ಫ್ರೆಂಚ್ ರಾಕ್ಸ್ ಎಂದೂ ಕರೆಯುತ್ತಿದ್ದರು, ಕೃಷ್ಣರಾಜಪೇಟೆ ಅತ್ತಿಗುಪ್ಪೆಯಾಗಿತ್ತು, ಕೃಷ್ಣರಾಜನಗರದ ತಾಲ್ಲೂಕು ಹಿಂದೆ ಎಡತೊರೆಯ ಹೆಸರಿನಲ್ಲಿತ್ತು. ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಊರನ್ನೇ ಕಳೆದುಕೊಂಡು ಬೇರೆ ಕಡೆ ನೆಲೆಸಿದ ಮನೆತನದವರು, ಆ ಕೆಲಸ 1911ರಲ್ಲಿ ಆರಂಭವಾದದ್ದನ್ನು ನೆನಪಿನಲ್ಲಿಟ್ಟು, ಮುಳುಗಿದ ಊರಿನ ಹೆಸರನ್ನೇ ಹಿಡಿದು ಹುಡುಕಬೇಕು.

ಈಗ ಕಚೇರಿಯ ಮಾತು. ಹಳ್ಳಿಯ ಲೆಕ್ಕಪತ್ರಗಳೆಲ್ಲ ಹಿಂದೆ ಪಟೇಲರ ಮತ್ತು ಶಾನುಭೋಗರ ಕೈಯಲ್ಲಿದ್ದವು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಕಾಯ್ದೆಯು ರದ್ದುಮಾಡಿದ ನಂತರ ಆ ಕೆಲಸ ಗ್ರಾಮ ಲೆಕ್ಕಿಗರಿಗೆ ಬಂತು. ಈಗಿನ ನೋಂದಣಿಗೆ ಆಧಾರ 1969ರ ಜನನ-ಮರಣ ನೋಂದಣಿ ಕಾಯ್ದೆ. ಪುಸ್ತಕದಲ್ಲಿ ಹುಡುಕಿಸಿ ದೃಢೀಕೃತ ನಕಲು ಪಡೆಯಲು ಯಾರು ಬೇಕಾದರೂ ಅರ್ಜಿ ಕೊಡಬಹುದು ಎಂದು ಅದರ 17ನೆಯ ಕಲಮು ಹೇಳುತ್ತದೆ. ನಗರದಲ್ಲಿ ಪಾಲಿಕೆಯ ಜನನ-ಮರಣ ವಿಭಾಗವನ್ನೂ, ಹಳ್ಳಿಯಾದರೆ ಗ್ರಾಮ ಆಡಳಿತಾಧಿಕಾರಿಯನ್ನೂ, ಹಳೆಯ ಸಂಪುಟಗಳಿಗೆ ತಾಲ್ಲೂಕು ಕಚೇರಿಯ ಅಭಿಲೇಖಾಲಯವನ್ನೂ ಕೇಳಬೇಕು. ಹಳೆಯ ಪುಸ್ತಕಗಳಲ್ಲಿ ಹೆಸರಿನ ಸೂಚಿ ಇರುವುದಿಲ್ಲ. ಘಟನೆಗಳು ಬರೆಸಿದ ದಿನದ ಅನುಕ್ರಮದಲ್ಲಿರುತ್ತವೆ. ವರ್ಷವನ್ನು ಹೇಳದೆ “ಹುಡುಕಿಕೊಡಿ” ಎಂದರೆ ಯಾವ ಗುಮಾಸ್ತರಿಗೂ ಅದು ಆಗದ ಕೆಲಸ. ಇನ್ನೊಂದು ವಿಷಯ: ನಾಮಕರಣಕ್ಕೆ ಮೊದಲೇ ಜನನ ಬರೆಸುತ್ತಿದ್ದುದರಿಂದ ಎಷ್ಟೋ ದಾಖಲೆಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿಯಿದ್ದು, “ಹೆಣ್ಣು” ಎಂದಷ್ಟೇ ಇರುತ್ತದೆ. ತಂದೆಯ ಹೆಸರಿನಿಂದ ಹುಡುಕಿದರೆ ಮಾತ್ರ ಅಂಥ ಮಗು ಕಣ್ಣಿಗೆ ಬೀಳುತ್ತದೆ.

ವರ್ಷವನ್ನು ಗೊತ್ತುಮಾಡಿಕೊಳ್ಳುವುದು ಹೇಗೆ? ಇಲ್ಲಿ ನನಗೆ ಅತಿ ಹೆಚ್ಚು ನೆರವಾದದ್ದು ಜಮೀನಿನ ಕಾಗದ. ಒಂದೆರಡು ಗುಂಟೆ ಜಮೀನಿದ್ದ ಮನೆತನವೂ ಕಂದಾಯ ಇಲಾಖೆಯ ಪುಸ್ತಕದಲ್ಲಿ ತನ್ನ ಗುರುತು ಬಿಟ್ಟಿರುತ್ತದೆ. ಖಾತೆದಾರ ತೀರಿಕೊಂಡಾಗ ವಾರಸುದಾರರ ಹೆಸರಿಗೆ ಆಗುವ ಪೌತಿ ಖಾತೆ ಬದಲಾವಣೆ ಮರಣದ ದಾಖಲೆಗೆ ಎಷ್ಟೋ ಸಲ ಬದಲಿಯಾಗಿ ನಿಲ್ಲುತ್ತದೆ. ಈ ಪುಸ್ತಕಗಳ ಮೂರು ಪದಗಳನ್ನು ಓದಲು ಕಲಿತರೆ ಅರ್ಧ ವಂಶವೃಕ್ಷ ಕೈಗೆ ಬಂದಂತೆ. “ಬಿನ್” ಎಂದರೆ ಇಂಥವರ ಮಗ. “ಕೋಂ” ಎಂದರೆ ಇಂಥವರ ಹೆಂಡತಿ. ಅದರ ಮುಂದೆ “ಲೇಟ್” ಎಂದು ಬರೆದಿದ್ದರೆ ಆ ದಿನದ ಹೊತ್ತಿಗೆ ಅವರು ತೀರಿಕೊಂಡಿದ್ದರು ಎಂದು ಅರ್ಥ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ, ದೊಡ್ಡ, ಚಿಕ್ಕ, ಮರಿ ಎಂದು ಸೇರಿಸಿ ಅಣ್ಣತಮ್ಮಂದಿರನ್ನು ಗುರುತಿಸುವ ನಮ್ಮ ಊರುಗಳಲ್ಲಿ, ಒಂದೇ ಹೆಸರಿನ ನಾಲ್ವರಲ್ಲಿ ನಮ್ಮವರು ಯಾರು ಎಂಬುದನ್ನು ಹೇಳುವುದು ಈ “ಬಿನ್” ಒಂದೇ. ಅಣ್ಣತಮ್ಮಂದಿರು ಭಾಗವಾದಾಗ ಬರೆಸಿದ ಪಾರೀಖತ್ತು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗಿದ್ದರೆ ಅದನ್ನೂ ತಪ್ಪದೆ ನೋಡಬೇಕು; ವಿಧವೆಯರ ಜೀವನಾಂಶದ ಮಾತು ಬರುವುದರಿಂದ ಬೇರೆಲ್ಲೂ ಕಾಣದ ಹೆಂಗಸರ ಹೆಸರುಗಳು ಅದರಲ್ಲಿ ಕಾಣುತ್ತವೆ.

ಕಾಗದದಷ್ಟೇ ಮುಖ್ಯವಾದದ್ದು ಹಿರಿಯರ ನೆನಪು. ವರ್ಷಕ್ಕೊಮ್ಮೆ ತಿಥಿ ಮಾಡುವ ಮನೆಗಳಲ್ಲಿ ಮಾಸ, ಪಕ್ಷ, ತಿಥಿ ಮೂರೂ ತಪ್ಪದೆ ಉಳಿದಿರುತ್ತವೆ, ಸಂವತ್ಸರ ಮಾತ್ರ ಮರೆತುಹೋಗಿರುತ್ತದೆ. ಕೆಲವರಿಗೆ ಸಂವತ್ಸರವೂ ನೆನಪಿರುತ್ತದೆ. ಅದು 60 ವರ್ಷಕ್ಕೊಮ್ಮೆ ಮರಳುವುದರಿಂದ ಯಾವ ಸುತ್ತಿನದು ಎಂದು ತಿಳಿಯಲು ಒಂದು ದೊಡ್ಡ ಘಟನೆ ಜೊತೆಗಿರಬೇಕು. ಧಾತು ಸಂವತ್ಸರದ ಬರ ಎಂದರೆ 1876ರಲ್ಲಿ ತೊಡಗಿದ ಮಹಾಕ್ಷಾಮ. ಕಾವೇರಿ ಉಕ್ಕಿ ಹರಿದ ರಕ್ತಾಕ್ಷಿ ಎಂದರೆ 1924. ಜನ ಇನ್‌ಫ್ಲುಯೆಂಜಾಗೆ ತುತ್ತಾದ ಕಾಳಯುಕ್ತಿ ಎಂದರೆ 1918. “ಯಾವ ಇಸವಿ?” ಎಂದು ಕೇಳಿದರೆ ಉತ್ತರ ಬರದು. “ಹೊಳೆ ಬಂದದ್ದಕ್ಕೆ ಮುಂಚೆಯೋ ಆಮೇಲೆಯೋ?” ಎಂದು ಕೇಳಿದರೆ ಬರುತ್ತದೆ.

ಶಾಲೆಯ ದಾಖಲಾತಿ ಪುಸ್ತಕದ ಜನ್ಮದಿನಾಂಕವನ್ನು ನಾನು ಹೆಚ್ಚು ನಂಬುವುದಿಲ್ಲ. ತಲೆಯ ಮೇಲಿಂದ ಕೈ ಬಳಸಿ ಆಚೆ ಕಿವಿ ಮುಟ್ಟಿದ ಮಗುವನ್ನು ಸೇರಿಸಿಕೊಂಡು ಮೇಷ್ಟರೇ ಒಂದು ದಿನಾಂಕ ಹಾಕುತ್ತಿದ್ದ ಕಾಲವದು. ಆದರೆ ಅದರಲ್ಲಿರುವ ಪೋಷಕರ ಹೆಸರು, ಊರು, ಕಸುಬು ನಂಬಬಹುದಾದವು. ಕ್ರೈಸ್ತ ಮನೆತನದವರು ತಮ್ಮ ಚರ್ಚಿನ ದೀಕ್ಷಾಸ್ನಾನದ ಪುಸ್ತಕವನ್ನೂ, ಮುಸ್ಲಿಂ ಮನೆತನದವರು ನಿಕಾಹ್ ದಾಖಲೆಯನ್ನೂ ಮೊದಲು ನೋಡುವುದು ಒಳ್ಳೆಯದು. ಹಳೆಯ ಮೈಸೂರಿನ ಒಕ್ಕಲು ಮನೆಗಳ ವಂಶಾವಳಿಯನ್ನು ಹಾಡಿ ಹೇಳುತ್ತಿದ್ದವರು ಹೆಳವರು. ಅವರು ಬರುತ್ತಿದ್ದ ಊರಾದರೆ ಅವರ ಮನೆತನವನ್ನು ವಿಚಾರಿಸದೆ ಬಿಡಬಾರದು.

ಇಷ್ಟೆಲ್ಲ ನಾನು ಕಲಿತದ್ದು ನನ್ನ ಮುತ್ತಾತನನ್ನು ಹುಡುಕುವಾಗ. ಪಾಂಡವಪುರ ತಾಲ್ಲೂಕಿನ ನಮ್ಮ ಹಳ್ಳಿಯ ಮರಣ ಪುಸ್ತಕದಲ್ಲಿ ಅವರ ಹೆಸರಿರಲಿಲ್ಲ. ಪೌತಿ ಖಾತೆ ಆದದ್ದು 1951ರಲ್ಲಿ. ಅದರಲ್ಲಿ ಮುತ್ತಜ್ಜಿಯ ಹೆಸರಿನ ಮುಂದೆ “ಕೋಂ ಲೇಟ್” ಎಂದು ನೀಲಿ ಶಾಯಿಯಲ್ಲಿ ಬರೆದು, ಕೆಳಗೆ ಅವರ ಎಡಗೈ ಹೆಬ್ಬೆಟ್ಟಿನ ಗುರುತು ಒತ್ತಿಸಿದ್ದರು. ಅದನ್ನು ಕಂಡಾಗ ನನಗೆ ಮುಂದೆ ಓದಲಾಗಲಿಲ್ಲ. ಆಮೇಲೆ ಚಿಕ್ಕಜ್ಜಿಯ ಬಳಿಗೆ ಹೋಗಿ ಕೇಳಿದೆ. “ಗಾಂಧಿ ಸತ್ತ ವರ್ಷ ಕಣಪ್ಪ, ಯುಗಾದಿ ಆಗಿತ್ತು, ರಾಗಿ ಇನ್ನೂ ಬಿತ್ತಿರಲಿಲ್ಲ. ಗಾಡಿ ಕಟ್ಟಿಕೊಂಡು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು” ಎಂದರು. ಅಂದರೆ 1948ರ ಏಪ್ರಿಲ್‌ನಿಂದ ಜೂನ್‌ವರೆಗಿನ ಮೂರು ತಿಂಗಳು, ಮೈಸೂರು ನಗರದ ಪುಸ್ತಕ. ಅಷ್ಟನ್ನು ಅರ್ಜಿಯಲ್ಲಿ ಬರೆದುಕೊಟ್ಟ ಮೇಲೆ ಮೇ ತಿಂಗಳ ಪುಟವೊಂದರಲ್ಲಿ ಅವರು ಸಿಕ್ಕಿದರು: ವಯಸ್ಸು ಸುಮಾರು 50, ಕಸುಬು ಬೇಸಾಯ, ಊರಿನ ಹೆಸರಿನಲ್ಲಿ ಒಂದಕ್ಷರ ತಪ್ಪು. ಕೈಗೆ ಬಂದ ನಕಲಿನಲ್ಲಿ ಸಾವಿನ ಕಾರಣ ಇರಲಿಲ್ಲ. ಅದನ್ನು ನಕಲಿನಲ್ಲಿ ಕೊಡಬಾರದೆಂದು ಕಾಯ್ದೆಯೇ ಹೇಳುತ್ತದೆ. ನಕಲನ್ನು ಓದಿ ಹೇಳಿದ ಸಂಜೆ ಚಿಕ್ಕಜ್ಜಿ ಬಹಳ ಹೊತ್ತು ಸುಮ್ಮನಿದ್ದು, ಅಪ್ಪನಿಗೆ ಕಣದಲ್ಲಿ ಹಾವು ಕಡಿದದ್ದನ್ನು ಮೊದಲಿನಿಂದ ಹೇಳತೊಡಗಿದರು.