ಅಡಿಕೆ ಬೇಯಿಸುವ ಒಲೆ: ರಿಪೇರಿ ಎಲ್ಲಿಗೆ ಬಂತು

ಅಡಿಕೆ ಗೊನೆಯ ಕೊಯ್ಲು ಹತ್ತಿರ ಬಂತು. ಅಂಗಳದಾಚೆಯ ಒಲೆಯ ಕೆಲಸ ಮುಕ್ಕಾಲು ಪಾಲು ಮುಗಿದಿದೆ. ಮಲೆನಾಡಿನ ಎಷ್ಟೋ ಮನೆಗಳ ಒಲೆಗಿರುವ ಕಾಯಿಲೆಗಳೇ ನಮ್ಮದಕ್ಕೂ ಇದ್ದವು: ಒಲೆಬಾಯಿಂದ ಹೊಗೆ, ಕುದಿ ಬರಲು ತಡ, ಗೋಡೆ ತುಂಬ ಬಿರುಕು. ಸುಲಿದ ಅಡಿಕೆಯನ್ನು ಚೊಗರಿನಲ್ಲಿ, ಅಂದರೆ ಹಿಂದೆ ಅಡಿಕೆ ಬೇಯಿಸಿ ಉಳಿದ ಕಂದು ರಸದಲ್ಲಿ, ಬೇಯಿಸುವಾಗ ಕುದಿ ಬಿಟ್ಟುಬಿಟ್ಟು ಬಂದರೆ ಇಡೀ ಹಂಡೆ ಒಂದೇ ಹದಕ್ಕೆ ಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಸುಗ್ಗಿ ಮುಗಿಯುವವರೆಗೂ ಆ ಹೊಗೆಯ ಮುಂದೆ ಕೂರುವವರು ಅತ್ತಿಗೆ. ಈ ವರ್ಷ ಅವರ ಕಣ್ಣು ಉರಿಯಬಾರದು ಅಂತಲೇ ಇದಕ್ಕೆ ಕೈಹಾಕಿದ್ದು.

ಮೊದಲು ಹೊಗೆ ಕೊಳವೆ. ಬುಡದಲ್ಲಿ ಕನ್ನಡಿ ಹಿಡಿದು ನೋಡಿದರೆ ಮೇಲಿನ ಆಕಾಶ ದುಂಡಗೆ ಕಾಣಬೇಕು. ಇಲ್ಲಿ ಒಂದು ಚೂರು ಬೆಳಕಷ್ಟೇ ಕಂಡಿತು. ಕೋಲಿಗೆ ಗೋಣಿ ಸುತ್ತಿ ಎಳೆದಾಗ ಉದುರಿದ್ದು ಬರೀ ಮಸಿಯಲ್ಲ, ಡಾಂಬರಿನಂತೆ ಹೊಳೆಯುವ ಗಟ್ಟಿ ಕರಿ ಪದರ. ಹಸಿ ಕಟ್ಟಿಗೆಯ ಹೊಗೆ ಕೊಳವೆಯೊಳಗೆ ತಣ್ಣಗಾದಾಗ ಅದರಲ್ಲಿನ ಎಣ್ಣೆ ಅಂಶ ಹೀಗೆ ಗೋಡೆಗೆ ಕೂರುತ್ತದೆ. ಇದು ದಾರಿ ಕಟ್ಟುವುದಷ್ಟೇ ಅಲ್ಲ, ಜೋರು ಉರಿಗೆ ತಾನೇ ಹೊತ್ತಿಕೊಳ್ಳುತ್ತದೆ. ಪಕ್ಕದಲ್ಲೇ ಸೋಗೆಯ ಮಾಡು ಇರುವ ಮನೆಗಳವರು ಇದನ್ನು ಖಂಡಿತ ಕಡೆಗಣಿಸಬಾರದು.

ಕೊಳವೆಯ ತುದಿ ಕೊಟ್ಟಿಗೆ ಮಾಡಿನ ನೆತ್ತಿಗಿಂತ ಕೆಳಗಿತ್ತು. ಗಾಳಿ ಮಾಡಿಗೆ ಬಡಿದು ಕೆಳಗೆ ಸುತ್ತುವ ಜಾಗವೇ ಅದು, ಹಾಗಾಗಿ ಹೊಗೆ ವಾಪಸ್ಸು ಒಲೆಬಾಯಿಗೆ ಬರುತ್ತಿತ್ತು. ನಡುವಿನ ಬೆಂಡ್ ತೆಗೆಸಿ ಕೊಳವೆಯನ್ನು ನೇರ ಮಾಡಿ, ನೆತ್ತಿಗಿಂತ ಎರಡು ಅಡಿ ಮೇಲಕ್ಕೆ ಏರಿಸಿದ್ದೇವೆ. ಇಷ್ಟಕ್ಕೇ ಅರ್ಧ ಹೊಗೆ ಹೋಯಿತು. ಬೆಳಗಿನ ಚಳಿಯಲ್ಲಿ ಮಾತ್ರ ಕೊಳವೆಯೊಳಗಿನ ತಣ್ಣನೆ ಗಾಳಿ ಕದಲುವುದಿಲ್ಲ. ಅದರ ಬುಡದಲ್ಲಿ ಒಂದು ಹಿಡಿ ಒಣ ತೆಂಗಿನ ಗರಿ ಉರಿಸಿದರೆ ಸೆಳೆತ ಶುರುವಾಗುತ್ತದೆ, ಆಮೇಲೆ ಕಟ್ಟಿಗೆ ಹೊತ್ತಿಸಬೇಕು.

ಉಳಿದರ್ಧ ಹೊಗೆಗೆ ಕಾರಣ ಕೆಳಗಡೆ ಇತ್ತು. ಬೂದಿಗುಂಡಿ ತುಂಬಿ ಜಾಲರಿಗೆ ತಾಗಿತ್ತು, ಜಾಲರಿಯ ಸರಳುಗಳು ಕಾದು ಬಾಗಿದ್ದವು. ಕೆಳಗಿನಿಂದ ಗಾಳಿ ಏರದಿದ್ದರೆ ಕೆಂಡ ಎಷ್ಟಿದ್ದರೂ ಕಟ್ಟಿಗೆ ಉರಿಯದೆ ಹೊಗೆಯಾಡುತ್ತದೆ. ಈಗ ಎರಕದ ಜಾಲರಿ ಹಾಕಿದೆ, ದಿನಾ ಬೂದಿ ತೆಗೆಯುವುದು ಎಂದಾಗಿದೆ. ಜಾಲರಿ, ಹೊಗೆ ಕೊಳವೆ, ಮುಚ್ಚಿದ ಉರಿಗೂಡು: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಶುರುವಾದ ‘ಅಸ್ತ್ರ’ ಎಂಬ ಕೇಂದ್ರ ಅಡುಗೆಮನೆಗೆ ಕೊಟ್ಟ ಅಸ್ತ್ರ ಒಲೆಯ ಜೀವಾಳವೂ ಇವೇ. ಹಳ್ಳಿಯ ಒಲೆಯನ್ನು ವಿಜ್ಞಾನಿಗಳು ಅಷ್ಟು ಶ್ರದ್ಧೆಯಿಂದ ನೋಡಿದ್ದು ನನಗೆ ಇಂದಿಗೂ ದೊಡ್ಡ ವಿಷಯ.

ಕುದಿ ತಡವಾಗುವುದರ ಮೂಲ ಹುಡುಕಲು ಊದುಬತ್ತಿ ಸಾಕಾಯಿತು. ಒಲೆ ಉರಿಯುವಾಗ ಹಂಡೆಯ ಕುತ್ತಿಗೆಯ ಸುತ್ತ ಹಿಡಿದುಕೊಂಡು ಹೋದರೆ, ಸಂದಿ ಇರುವಲ್ಲಿ ಅದರ ಹೊಗೆ ಒಳಕ್ಕೆ ಎಳೆಯುತ್ತದೆ. ಅಲ್ಲೆಲ್ಲ ತಣ್ಣನೆ ಗಾಳಿ ನುಗ್ಗಿ ಶಾಖ ತಿನ್ನುತ್ತಿತ್ತು. ಮಣ್ಣು ಮೆತ್ತಿ ಮುಚ್ಚಿದೆವು. ಇನ್ನೊಂದು ತೊಂದರೆ ಕಟ್ಟಿದ ರೀತಿಯಲ್ಲೇ ಇತ್ತು: ಒಲೆಬಾಯಿಗೆ ನೇರ ಎದುರಿಗೇ ಹೊಗೆಯ ಕಿಂಡಿ. ಉರಿ ಹಂಡೆಯ ತಳ ಸವರಿ ಸೀದಾ ಕೊಳವೆಗೆ ಓಡುತ್ತಿತ್ತು. ಕಿಂಡಿಯ ಮುಂದೆ ಇಟ್ಟಿಗೆಯ ಗಿಡ್ಡ ಅಡ್ಡಗೋಡೆ ಕಟ್ಟಿದ ಮೇಲೆ ಅದು ಹಂಡೆಯ ಪಕ್ಕೆಗಳನ್ನು ಸುತ್ತಿ ಹೋಗುತ್ತಿದೆ. ಕೊಳವೆಗೆ ಒಂದು ತಗಡಿನ ಅಡ್ಡಹಲಗೆಯೂ ಸೇರಿದೆ. ಹೊತ್ತಿಸುವಾಗ ಪೂರ್ತಿ ತೆರೆದು, ಉರಿ ಒಂದು ಹದಕ್ಕೆ ಬಂದ ಮೇಲೆ ಅರ್ಧ ಮುಚ್ಚಬೇಕು. ಸೆಳೆತ ಕಡಿಮೆಯಾದರೆ ಹೊಗೆ, ಅತಿಯಾದರೆ ಶಾಖವೆಲ್ಲ ಆಕಾಶಕ್ಕೆ. ಪೂರ್ತಿ ಮುಚ್ಚುವಂತೆ ಮಾತ್ರ ಮಾಡಿಸಬೇಡಿ, ಕೆಂಡದ ವಿಷಗಾಳಿ ಹೊರಗೆ ಹೋಗಲು ದಾರಿ ಇರಲೇಬೇಕು.

ಬಿರುಕಿಗೆ ಸಿಮೆಂಟ್ ಮೆತ್ತುವುದನ್ನು ಬಿಟ್ಟಿದ್ದೇವೆ. ಉರಿ ತಾಗುವಲ್ಲಿ ಅದು ನಿಲ್ಲುವುದಿಲ್ಲ. ಜೇಡಿಮಣ್ಣಿಗೆ ಭತ್ತದ ಹೊಟ್ಟು ಕಲಸಿ ಕೊಳೆಸಿ ಮೆತ್ತಿ, ನೆರಳಲ್ಲಿ ನಿಧಾನ ಒಣಗಿಸಿದ್ದು ಈವರೆಗೆ ಬಿಟ್ಟಿಲ್ಲ.

ಇಷ್ಟೆಲ್ಲ ಸರಿಯಾದರೂ ಕಟ್ಟಿಗೆ ಹಸಿಯಾಗಿದ್ದರೆ ಪ್ರಯೋಜನವಿಲ್ಲ. ಆಗಷ್ಟೇ ಕಡಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಹತ್ತು ಕಿಲೋ ಒಡ್ಡಿದರೆ ಐದು ಲೀಟರ್ ನೀರನ್ನು ಮೊದಲು ಆವಿ ಮಾಡಬೇಕು. ಒಂದು ಲೀಟರ್ ಆವಿಯಾಗಲು ಹಿಡಿಯುವ ಶಾಖದಲ್ಲಿ ಸುಮಾರು ಎಂಟು ಲೀಟರ್ ತಣ್ಣೀರನ್ನು ಕುದಿಗೆ ತರಬಹುದು. ಅಂದರೆ ನಲವತ್ತು ಲೀಟರಿನ ಹಂಡೆಯ ಕುದಿ ಹೊಗೆಯ ಜೊತೆ ಹೋಯಿತು! ಈ ಲೆಕ್ಕ ಹೇಳಿದ ಮೇಲೆ ಅಣ್ಣ ತಾನಾಗಿಯೇ ಅಕೇಶಿಯಾ ಕುಂಟೆಗಳನ್ನು ಸೀಳಿ ಸೂರಿನಡಿ ಒಟ್ಟಿದ. ಅಡಿಕೆ ಸಿಪ್ಪೆಯನ್ನೂ ಗರಿಗರಿ ಒಣಗಿದ ಮೇಲೆ, ಕಟ್ಟಿಗೆಯ ಜೊತೆ ಸ್ವಲ್ಪಸ್ವಲ್ಪವೇ ಹಾಕುವುದು ಒಳ್ಳೆಯದು.

ಒಲೆಬಾಯಿಗೆ ಬಾಗಿಲು ಬಾಕಿ ಇದೆ. ಉದ್ದದ ಕುಂಟೆ ಹೊರಗೆ ಚಾಚಿಕೊಂಡಿದ್ದರೆ ಬಾಗಿಲು ಹಾಕಲಾಗುವುದಿಲ್ಲ, ಆದ್ದರಿಂದ ಕಟ್ಟಿಗೆಯನ್ನೆಲ್ಲ ಗೂಡಿನ ಅಳತೆಗೆ ತುಂಡು ಮಾಡುತ್ತಿದ್ದೇವೆ. ಅದಾದ ಮೇಲೆ ಕಮ್ಮಾರರಿಗೆ ಅಳತೆ ಕೊಡಬೇಕು.